ಬಾಬ್ ಬ್ರೌನ್: ಡಾಕ್ಟರಿಕೆಯಿಂದ ನದಿಗೆ, ಜೈಲಿನಿಂದ ವಿಧಾನಸಭೆಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಬಾಬ್ ಬ್ರೌನ್ ಅಂದರೆ ಯಾರು?

ಆಸ್ಟ್ರೇಲಿಯಾದ ದಕ್ಷಿಣ ತುದಿಯ ದ್ವೀಪ ರಾಜ್ಯ ಟ್ಯಾಸ್ಮೇನಿಯಾದ ರಾಜಕಾರಣಿ. 1983ರಿಂದ 1993ರವರೆಗೆ ಅಲ್ಲಿನ ವಿಧಾನಸಭೆಯ ಸದಸ್ಯರಾಗಿದ್ದರು. 1996ರಿಂದ 2012ರವರೆಗೆ ಅದೇ ರಾಜ್ಯದ ಪರವಾಗಿ ಕೇಂದ್ರದ ಮೇಲ್ಮನೆಯಾದ ಸೆನೆಟ್‌ನಲ್ಲಿದ್ದರು, ಆಸ್ಟ್ರೇಲಿಯನ್ ಗ್ರೀನ್ಸ್ ಪಕ್ಷದ ನಾಯಕರೂ ಆದರು. ಇದಕ್ಕೆಲ್ಲ ಮುಂಚೆ ಊರಿನ ಡಾಕ್ಟರು, ಆಮೇಲೆ ನದಿ ಉಳಿಸುವ ಚಳವಳಿಯ ಮುಂದಾಳು.

ಪರಿಸರ ಹೋರಾಟಗಾರರು ಚುನಾವಣೆಗೆ ನಿಂತು ಠೇವಣಿ ಕಳೆದುಕೊಳ್ಳುವುದು ನಾವು ಕಂಡ ಕಥೆ. ಗೆದ್ದವರು ಗೆದ್ದ ಮೇಲೆ ಏನು ಮಾಡಿದರು, ಎಷ್ಟು ಸೋತರು ಅನ್ನುವುದು ನಮಗೆ ಅಷ್ಟು ತಿಳಿದಿಲ್ಲ. ಬ್ರೌನ್ ಕಥೆ ಓದಬೇಕಾದ್ದು ಅದಕ್ಕೇ. ಅವರ ದೊಡ್ಡ ಗೆಲುವುಗಳು ಸದನದ ಹೊರಗೆ ಸಿಕ್ಕವು. ಸದನದ ಒಳಗೆ ಅವರು ಸೋತದ್ದೇ ಹೆಚ್ಚು, ಆದರೆ ಆ ಸೋಲುಗಳು ಬಹುಪಾಲು ಕಾಲಕ್ರಮೇಣ ಕಾನೂನಾದವು.

ಡಾಕ್ಟರಾಗಿದ್ದವರು ಈ ದಾರಿಗೆ ಬಂದದ್ದು ಹೇಗೆ?

ಹುಟ್ಟಿದ್ದು 1944ರ ಡಿಸೆಂಬರ್ 27ರಂದು, ನ್ಯೂ ಸೌತ್ ವೇಲ್ಸ್ ರಾಜ್ಯದ ಓಬೆರಾನ್‌ನಲ್ಲಿ. ಅಪ್ಪ ಪೊಲೀಸ್. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದು. ಕ್ಯಾನ್‌ಬೆರಾದ ಆಸ್ಪತ್ರೆಯಲ್ಲಿದ್ದಾಗ, ವಿಯೆಟ್ನಾಂ ಯುದ್ಧಕ್ಕೆ ಹೋಗಲು ಮನಸ್ಸಿಲ್ಲದ ಹುಡುಗರಿಗೆ ಸೈನ್ಯಕ್ಕೆ ಯೋಗ್ಯರೆಂದು ಸರ್ಟಿಫಿಕೇಟ್ ಕೊಡಲು ಒಪ್ಪದ ಡಾಕ್ಟರುಗಳಲ್ಲಿ ಇವರೂ ಒಬ್ಬರು. ಆಮೇಲೆ ಲಂಡನ್. 1970ರ ಸೆಪ್ಟೆಂಬರ್‌ನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರನ್ನು ಆಸ್ಪತ್ರೆಗೆ ತಂದಾಗ ಅಲ್ಲಿ ಡ್ಯೂಟಿಯಲ್ಲಿದ್ದದ್ದು ಬ್ರೌನ್. ಈ ವಿಷಯಕ್ಕೂ ರಾಜಕೀಯಕ್ಕೂ ಏನೂ ಸಂಬಂಧವಿಲ್ಲ, ಆದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

1972ರಲ್ಲಿ ಟ್ಯಾಸ್ಮೇನಿಯಾದ ಲಾನ್ಸೆಸ್ಟನ್‌ಗೆ ಬಂದು ಪ್ರಾಕ್ಟೀಸ್ ಶುರು ಮಾಡಿದರು. ಅದು ಪೆಡರ್ ಸರೋವರ ಮುಳುಗಿದ ವರ್ಷ. ನಸುಗೆಂಪು ಮರಳಿನ ದಂಡೆಯಿದ್ದ ಸರೋವರ ಅದು. ಬೇಸಿಗೆಯಲ್ಲಿ ದಂಡೆ ಎಷ್ಟು ಅಗಲವಾಗುತ್ತಿತ್ತೆಂದರೆ ಸಣ್ಣ ವಿಮಾನಗಳು ಅದರ ಮೇಲೇ ಇಳಿಯುತ್ತಿದ್ದವು. ಜಲವಿದ್ಯುತ್ ಯೋಜನೆಗಾಗಿ ಅದನ್ನು ಮುಳುಗಿಸಿದರು. ಉಳಿಸಲು ಹೋರಾಡಿದವರು ಅದೇ ವರ್ಷ ಮಾರ್ಚ್‌ನಲ್ಲಿ ಯುನೈಟೆಡ್ ಟ್ಯಾಸ್ಮೇನಿಯಾ ಗ್ರೂಪ್ ಎಂಬ ಪಕ್ಷ ಕಟ್ಟಿದ್ದರು. ಜಗತ್ತಿನ ಮೊದಲ ಹಸಿರು ಪಕ್ಷ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಬ್ರೌನ್ ಅದನ್ನು ಸೇರಿದರು.

ಫ್ರಾಂಕ್ಲಿನ್ ನದಿಯ ಗಲಾಟೆ ಏನು?

1976ರಲ್ಲಿ ಬ್ರೌನ್ ಒಬ್ಬ ಗೆಳೆಯನ ಜೊತೆ ರಬ್ಬರ್ ದೋಣಿಗಳಲ್ಲಿ ಫ್ರಾಂಕ್ಲಿನ್ ನದಿ ಇಳಿದರು. ಸುಮಾರು ಎರಡು ವಾರ ಮನುಷ್ಯರ ಸುಳಿವಿಲ್ಲದ ಕಮರಿಗಳಲ್ಲಿ ಸಾಗಿ, ನದಿ ಗಾರ್ಡನ್ ನದಿಗೆ ಸೇರುವ ಕಡೆ ಬಂದರೆ ಅಲ್ಲಿ ಮುಂದಿನ ಅಣೆಕಟ್ಟಿಗಾಗಿ ಡ್ರಿಲ್ಲಿಂಗ್ ನಡೆಯುತ್ತಿತ್ತು. ಅದೇ ವರ್ಷ ಲಿಫಿ ಕಣಿವೆಯ ಅವರ ಮನೆಯಲ್ಲೇ ಟ್ಯಾಸ್ಮೇನಿಯನ್ ವೈಲ್ಡರ್‌ನೆಸ್ ಸೊಸೈಟಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಡಾಕ್ಟರಿಕೆ ಬಿಟ್ಟು ಬ್ರೌನ್ ಅದರ ನಿರ್ದೇಶಕರಾದರು.

ಎದುರಿಗಿದ್ದದ್ದು ಹೈಡ್ರೊ ಎಲೆಕ್ಟ್ರಿಕ್ ಕಮಿಷನ್. ನಮ್ಮ ಹಳೆಯ ಕೆಇಬಿಯನ್ನು ನೆನಪಿಸಿಕೊಂಡು ಅದಕ್ಕೆ ನಾಲ್ಕು ಪಟ್ಟು ಅಧಿಕಾರ ಸೇರಿಸಿಕೊಳ್ಳಿ. ನಾಲ್ಕು ಲಕ್ಷ ಚಿಲ್ಲರೆ ಜನಸಂಖ್ಯೆಯ ರಾಜ್ಯದಲ್ಲಿ ಯಾವ ನದಿ ಯಾವಾಗ ನಿಲ್ಲಬೇಕೆಂದು ಮೊದಲು ತೀರ್ಮಾನಿಸುತ್ತಿದ್ದದ್ದು ಅದು, ಸರ್ಕಾರ ಆಮೇಲೆ ಸಹಿ ಹಾಕುತ್ತಿತ್ತು. ಹೊಸ ಅಣೆಕಟ್ಟಿನಿಂದ ಸಿಗಬೇಕಿದ್ದದ್ದು 180 ಮೆಗಾವ್ಯಾಟ್. ಮುಳುಗಬೇಕಿದ್ದದ್ದು ಮಳೆಕಾಡು, ಕಮರಿಗಳು, ಹಿಮಯುಗದಲ್ಲಿ ಮೂಲನಿವಾಸಿಗಳು ಬಾಳಿದ ಕುರುಹುಗಳಿದ್ದ ಕುಟಿಕಿನಾ ಗುಹೆ. ಮುಖ್ಯಮಂತ್ರಿ (ಅಲ್ಲಿ ಪ್ರೀಮಿಯರ್ ಅನ್ನುತ್ತಾರೆ) ರಾಬಿನ್ ಗ್ರೇ ಪಾಲಿಗೆ ಮಾತ್ರ ಫ್ರಾಂಕ್ಲಿನ್ ಅಂದರೆ ಜಿಗಣೆ ತುಂಬಿದ ಕಂದು ಚರಂಡಿ.

ಆದರೆ ಜನಮತಗಣನೆಯಲ್ಲಿ ಜನರೇ ಅಣೆಕಟ್ಟು ಬೇಕು ಅಂದಿದ್ದರಲ್ಲ?

ಅರ್ಧ ನಿಜ. 1981ರ ಡಿಸೆಂಬರ್ 12ರ ಜನಮತಗಣನೆಯ ಚೀಟಿಯಲ್ಲಿ ಇದ್ದದ್ದು ಎರಡೇ ಆಯ್ಕೆ: ಅಣೆಕಟ್ಟು ಇಲ್ಲಿ ಕಟ್ಟೋಣವೋ, ಅಲ್ಲಿ ಕಟ್ಟೋಣವೋ? ಕಟ್ಟುವುದೇ ಬೇಡ ಅನ್ನುವವರಿಗೆ ಜಾಗವಿರಲಿಲ್ಲ. ಅಲ್ಲಿ ಮತದಾನ ಕಡ್ಡಾಯ, ಹಾಗಾಗಿ ಮನೆಯಲ್ಲಿ ಕೂರುವ ಹಾಗೂ ಇಲ್ಲ. ಜನ ಬೂತಿಗೆ ಹೋಗಿ ಚೀಟಿಯ ಮೇಲೆ "ಅಣೆಕಟ್ಟು ಬೇಡ" ಎಂದು ಪೆನ್ಸಿಲಿನಲ್ಲಿ ಬರೆದು ಪೆಟ್ಟಿಗೆಗೆ ಹಾಕಿದರು. ಫ್ರಾಂಕ್ಲಿನ್ ಅಣೆಕಟ್ಟಿಗೆ ಶೇ 47, ಇನ್ನೊಂದು ಜಾಗಕ್ಕೆ ಶೇ 8. ಉಳಿದವು ಅಸಿಂಧು. ಒಟ್ಟು ಮತದಾರರಲ್ಲಿ ಸುಮಾರು ಮೂರನೇ ಒಂದು ಭಾಗ "ಬೇಡ" ಎಂದು ಬರೆದಿದ್ದರು. ನೋಟಾ ಬಟನ್ ನಮಗೆ ಸಿಕ್ಕಿದ್ದು 2013ರಲ್ಲಿ. ಇವರು ಮೂವತ್ತು ವರ್ಷ ಮೊದಲೇ ಪೆನ್ಸಿಲಿನಲ್ಲೇ ಕೆಲಸ ಮುಗಿಸಿಕೊಂಡಿದ್ದರು.

ಆದರೂ ರಾಜ್ಯದೊಳಗೆ ಅಣೆಕಟ್ಟಿನ ಪರ ಇದ್ದವರೇ ಹೆಚ್ಚು. ಬ್ರೌನ್ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ತೇಲಿಸಿಬಿಡುತ್ತಾರೆ. 1982ರ ಮೇ ತಿಂಗಳ ಚುನಾವಣೆಯಲ್ಲಿ ಅಣೆಕಟ್ಟು ಕಟ್ಟಿಯೇ ಸಿದ್ಧ ಎಂದ ಗ್ರೇ ಅವರ ಲಿಬರಲ್ ಪಕ್ಷ ಗೆದ್ದಿತು.

ಜೈಲಿನಿಂದ ನೇರ ವಿಧಾನಸಭೆಗೆ ಹೋದರಂತೆ, ಉಪಚುನಾವಣೆಯೂ ಇಲ್ಲದೆ. ಇದು ಹೇಗೆ ಸಾಧ್ಯ?

1982ರ ಡಿಸೆಂಬರ್ 14ರಂದು ಗಾರ್ಡನ್ ನದಿಯಲ್ಲಿ ದಿಗ್ಬಂಧನ ಶುರುವಾಯಿತು. ಅದೇ ದಿನ ಆ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಜನ ರಬ್ಬರ್ ದೋಣಿಗಳಲ್ಲಿ ಬಂದು ಬುಲ್ಡೋಜರ್ ಹೊತ್ತ ಬಾರ್ಜ್‌ಗೆ ಅಡ್ಡ ನಿಂತರು. 1,200ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಆ ಜಾಗಕ್ಕೆ ಮತ್ತೆ ಹೋಗುವುದಿಲ್ಲ ಎಂದು ಬರೆದುಕೊಟ್ಟರೆ ಜಾಮೀನು. ಬರೆದುಕೊಡಲು ಒಪ್ಪದವರು ಜೈಲಿಗೆ. ಬ್ರೌನ್ ಬರೆದುಕೊಡಲಿಲ್ಲ, ರಿಸ್ಡನ್ ಜೈಲಿನಲ್ಲಿ 19 ದಿನ ಇದ್ದರು.

ಅಷ್ಟರಲ್ಲಿ ಹೋಬಾರ್ಟ್ ನಗರದ ಡೆನಿಸನ್ ಕ್ಷೇತ್ರದ ಶಾಸಕ ನಾರ್ಮ್ ಸ್ಯಾಂಡರ್ಸ್ ರಾಜೀನಾಮೆ ಕೊಟ್ಟಿದ್ದರು. ಟ್ಯಾಸ್ಮೇನಿಯಾದಲ್ಲಿರುವುದು ಹೇರ್-ಕ್ಲಾರ್ಕ್ ಪದ್ಧತಿ. ಆಗ ಐದು ಕ್ಷೇತ್ರ, ಒಂದೊಂದರಿಂದ ಏಳು ಶಾಸಕರು, ಒಟ್ಟು 35. ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕಿ ಹಾಕುತ್ತಾನೆ. ಯಾರಾದರೂ ರಾಜೀನಾಮೆ ಕೊಟ್ಟರೆ ಉಪಚುನಾವಣೆ ಇಲ್ಲ. ಅವರನ್ನು ಗೆಲ್ಲಿಸಿದ್ದ ಚೀಟಿಗಳನ್ನೇ ಮತ್ತೆ ತೆಗೆದು, ಆ ಮತದಾರರ ಮುಂದಿನ ಆಯ್ಕೆ ಯಾರೆಂದು ಎಣಿಸುತ್ತಾರೆ. 1982ರಲ್ಲಿ ಪಕ್ಷೇತರರಾಗಿ ನಿಂತು ಸೋತಿದ್ದ ಬ್ರೌನ್ ಈ ಮರುಎಣಿಕೆಯಲ್ಲಿ ಗೆದ್ದರು. 1983ರ ಜನವರಿ 4ರಂದು ಬಿಡುಗಡೆ. ಮರುದಿನ ಶಾಸಕ.

ಖರ್ಚಿಲ್ಲ, ಪ್ರಚಾರವಿಲ್ಲ, ಹಣ-ಹೆಂಡ ಹಂಚುವ ಸಂದರ್ಭವೇ ಇಲ್ಲ. ನಮ್ಮ ಉಪಚುನಾವಣೆಗಳನ್ನು ನೋಡಿದವರಿಗೆ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

ಹಾಗಾದರೆ ಅಣೆಕಟ್ಟು ನಿಲ್ಲಿಸಿದ್ದು ಶಾಸಕ ಬ್ರೌನ್ ಅವರೇ?

ಅಲ್ಲ. ಆ ವಿಧಾನಸಭೆಯಲ್ಲಿ ಅವರ ಒಂದು ಮತದಿಂದ ಒಂದು ಇಟ್ಟಿಗೆಯೂ ಅಲುಗಾಡುತ್ತಿರಲಿಲ್ಲ.

ನಿಲ್ಲಿಸಿದ್ದು ಕೇಂದ್ರ ಸರ್ಕಾರ ಮತ್ತು ಹೈಕೋರ್ಟ್ (ಅಲ್ಲಿ ಅದೇ ಸುಪ್ರೀಂ ಕೋರ್ಟ್). ಪ್ರಧಾನಿ ಮಾಲ್ಕಂ ಫ್ರೇಸರ್ ಅಣೆಕಟ್ಟು ಬಿಡಿ, ಬದಲಿ ವಿದ್ಯುತ್ ಸ್ಥಾವರಕ್ಕೆ 50 ಕೋಟಿ ಡಾಲರ್ ಕೊಡುತ್ತೇವೆ ಎಂದರು. ಗ್ರೇ ಒಪ್ಪಲಿಲ್ಲ. ಬಲವಂತ ಮಾಡಲು ಫ್ರೇಸರ್ ಸಿದ್ಧರಿರಲಿಲ್ಲ. 1983ರ ಮಾರ್ಚ್ 5ರ ಸಂಸತ್ ಚುನಾವಣೆಗೆ ಮುಂಚೆ ಚಳವಳಿಗಾರರು ಸಿಡ್ನಿ, ಮೆಲ್ಬರ್ನ್ ಪತ್ರಿಕೆಗಳಲ್ಲಿ ಪುಟ ತುಂಬ ಬಣ್ಣದ ಜಾಹೀರಾತು ಕೊಟ್ಟರು. ಪೀಟರ್ ಡಾಂಬ್ರೋವ್‌ಸ್ಕಿಸ್ ತೆಗೆದ, ಮಂಜಿನಲ್ಲಿ ನದಿ ತಿರುಗುವ ಚಿತ್ರ. ಇದನ್ನು ಹಾಳು ಮಾಡುವ ಪಕ್ಷಕ್ಕೆ ಮತ ಹಾಕುತ್ತೀರಾ ಎಂಬ ಪ್ರಶ್ನೆ. ಅಣೆಕಟ್ಟು ನಿಲ್ಲಿಸುತ್ತೇವೆ ಎಂದಿದ್ದ ಬಾಬ್ ಹಾಕ್ ಅವರ ಲೇಬರ್ ಪಕ್ಷ ದೇಶದಲ್ಲಿ ಗೆದ್ದಿತು. ಟ್ಯಾಸ್ಮೇನಿಯಾದ ಐದೂ ಸ್ಥಾನಗಳು ಮಾತ್ರ ಲಿಬರಲ್ ಪಕ್ಷದ ಕೈಯಲ್ಲೇ ಉಳಿದವು. ಬ್ರೌನ್ ಗೆದ್ದದ್ದು ದೇಶದಲ್ಲಿ, ಸ್ವಂತ ರಾಜ್ಯದಲ್ಲಲ್ಲ.

ಹಾಕ್ ಸರ್ಕಾರ ಕಾನೂನು ಮಾಡಿತು, ಕಾಮಗಾರಿಯ ಸಾಕ್ಷ್ಯಕ್ಕಾಗಿ ವಾಯುಪಡೆಯ ವಿಮಾನ ಕಳಿಸಿ ಫೋಟೊ ತೆಗೆಸಿ ನಗೆಪಾಟಲಿಗೂ ಈಡಾಯಿತು. ನೆಲ, ನದಿ ರಾಜ್ಯದ ವಿಷಯ, ಕೇಂದ್ರ ಮೂಗು ತೂರಿಸುವ ಹಾಗಿಲ್ಲ ಎಂದು ರಾಜ್ಯ ವಾದಿಸಿತು. ಅಂತರರಾಷ್ಟ್ರೀಯ ಒಪ್ಪಂದ ಪಾಲಿಸುವ ಅಧಿಕಾರ ಕೇಂದ್ರಕ್ಕಿದೆ, ವಿಶ್ವ ಪರಂಪರೆ ಒಪ್ಪಂದವೂ ಅದರಲ್ಲಿ ಸೇರಿದೆ ಎಂದು 1983ರ ಜುಲೈ 1ರಂದು ಕೋರ್ಟ್ 4-3ರಿಂದ ಹೇಳಿತು. ಒಬ್ಬ ನ್ಯಾಯಮೂರ್ತಿ ಆಚೆ ವಾಲಿದ್ದರೆ ಫ್ರಾಂಕ್ಲಿನ್ ಇಂದು ಜಲಾಶಯವಾಗಿರುತ್ತಿತ್ತು.

ವಿಧಾನಸಭೆಯಲ್ಲಿ ಹತ್ತು ವರ್ಷ ಏನು ಮಾಡಿದರು?

ಸೋತರು, ಪಟ್ಟುಬಿಡದೆ. ನದಿ ಉಳಿದ ಮೇಲೆ ಈ ಮನುಷ್ಯನಿಗೆ ಇನ್ನೇನು ಕೆಲಸ ಅಂದುಕೊಂಡವರಿಗೆ ಅವರು ತಂದ ಖಾಸಗಿ ಮಸೂದೆಗಳೇ ಉತ್ತರ. ಮಾಹಿತಿ ಹಕ್ಕು, ಸಲಿಂಗಕಾಮ ಅಪರಾಧವಲ್ಲ ಎನ್ನುವ ತಿದ್ದುಪಡಿ, ಘನತೆಯ ಸಾವಿನ ಹಕ್ಕು, ಗೂಡುಪಂಜರದ ಕೋಳಿ ಸಾಕಣೆಗೆ ತಡೆ, ಶಾಸಕರ ಸಂಬಳ ಕಡಿತ. ಕೊನೆಯದಕ್ಕೆ ಸದನದಲ್ಲಿ ಎಷ್ಟು ಬೆಂಬಲ ಸಿಕ್ಕಿರಬಹುದೆಂದು ನೀವೇ ಊಹಿಸಿ.

1987ರಲ್ಲಿ ಅರೆ-ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸುವ ಮಸೂದೆ ತಂದರು. ಲೇಬರ್, ಲಿಬರಲ್ ಎರಡೂ ಸೇರಿ ಬೀಳಿಸಿದವು. 1996ರ ಏಪ್ರಿಲ್ 28ರಂದು ಅದೇ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಅಂಥ ಬಂದೂಕಿನಿಂದ 35 ಜನರನ್ನು ಕೊಂದ. ಆಮೇಲೆ ವಾರಗಳೊಳಗೆ ಇಡೀ ದೇಶವೇ ನಿಷೇಧಕ್ಕೆ ಒಪ್ಪಿತು.

ಉಳಿದವುಗಳಲ್ಲೂ ಹಲವು ತಡವಾಗಿ ಬಂದವು. ಮಾಹಿತಿ ಹಕ್ಕು 1991ರಲ್ಲಿ, ಸಲಿಂಗಕಾಮದ ತಿದ್ದುಪಡಿ 1997ರಲ್ಲಿ (ಆಸ್ಟ್ರೇಲಿಯಾದ ರಾಜ್ಯಗಳಲ್ಲೇ ಕೊನೆಯದಾಗಿ), ದಯಾಮರಣದ ಕಾನೂನು 2021ರಲ್ಲಿ. ಬಿದ್ದ ಮಸೂದೆಯೂ ಕಡತದಲ್ಲಿ ಉಳಿಯುತ್ತದೆ, ಮುಂದಿನವರು ಅಲ್ಲಿಂದಲೇ ಶುರು ಮಾಡಬಹುದು. ಒಂಟಿ ಶಾಸಕನೊಬ್ಬ ಮಾಡಬಹುದಾದ ಅತಿ ಉಪಯುಕ್ತ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ.

ಬೀದಿ ಬಿಟ್ಟಿರಲಿಲ್ಲ. 1986ರಲ್ಲಿ ಫಾರ್ಮ್‌ಹೌಸ್ ಕ್ರೀಕ್ ಎಂಬಲ್ಲಿ ಮರ ಕಡಿಯುವುದನ್ನು ತಡೆಯಲು ಹೋದಾಗ ಹಲ್ಲೆಯಾಯಿತು, ಅವರತ್ತ ಗುಂಡೂ ಹಾರಿತು. ಆಗ ಅವರು ಹಾಲಿ ಶಾಸಕ.

1989ರಲ್ಲಿ ಸರ್ಕಾರವನ್ನೇ ಬದಲಿಸಿದರಂತೆ?

ಆ ವರ್ಷ ವೆಸ್ಲಿ ವೇಲ್ ಎಂಬಲ್ಲಿ ದೊಡ್ಡ ಪಲ್ಪ್ ಕಾರ್ಖಾನೆ ತರುವ ಯೋಜನೆಯ ವಿರುದ್ಧ ರೈತರು, ಮೀನುಗಾರರು ಎದ್ದಿದ್ದರು. ಆ ಹೋರಾಟದ ಮುಂದಾಳು ಶಾಲಾ ಶಿಕ್ಷಕಿ ಕ್ರಿಸ್ಟೀನ್ ಮಿಲ್ನ್. ಮೇ 13ರ ಚುನಾವಣೆಯಲ್ಲಿ ಲಿಬರಲ್ 17, ಲೇಬರ್ 13, ಹಸಿರು ಪಕ್ಷೇತರರು 5. ಬಹುಮತಕ್ಕೆ 18 ಬೇಕು. ಕೀಲಿಕೈ ಬ್ರೌನ್ ಹತ್ತಿರ.

ಆಗ ಮಾಧ್ಯಮ ಸಂಸ್ಥೆಯೊಂದರ ಒಡೆಯ ಎಡ್ಮಂಡ್ ರೌಸ್, ಲೇಬರ್ ಶಾಸಕ ಜಿಮ್ ಕಾಕ್ಸ್ ಅವರಿಗೆ ಪಕ್ಷ ಬದಲಿಸಲು 1,10,000 ಡಾಲರ್ ಆಮಿಷ ಒಡ್ಡಿದರು. ಇಲ್ಲಿಯವರೆಗೆ ರೆಸಾರ್ಟ್ ರಾಜಕೀಯ ಕಂಡ ನಮಗೆ ಹೊಸದೇನೂ ಇಲ್ಲ. ಹೊಸದಿರುವುದು ಮುಂದೆ: ಕಾಕ್ಸ್ ಪೊಲೀಸರಿಗೆ ದೂರು ಕೊಟ್ಟರು, ರೌಸ್ ಜೈಲಿಗೆ ಹೋದರು.

ಲೇಬರ್-ಗ್ರೀನ್ ಒಪ್ಪಂದವಾಗಿ ಮೈಕಲ್ ಫೀಲ್ಡ್ ಮುಖ್ಯಮಂತ್ರಿಯಾದರು. ವಿಶ್ವ ಪರಂಪರೆ ಪ್ರದೇಶ ಸುಮಾರು 13.8 ಲಕ್ಷ ಹೆಕ್ಟೇರ್‌ಗೆ ಹಿಗ್ಗಿತು, ಡಗ್ಲಸ್-ಆಪ್ಸ್ಲಿ ರಾಷ್ಟ್ರೀಯ ಉದ್ಯಾನ ಬಂತು. ಮರದ ಚಿಪ್ಸ್ ರಫ್ತಿನ ಮಿತಿಯ ವಿಷಯದಲ್ಲಿ ಸರ್ಕಾರ ಮಾತು ಮುರಿಯಿತು ಎಂಬ ಕಾರಣಕ್ಕೆ 1990ರ ಅಕ್ಟೋಬರ್‌ನಲ್ಲಿ ಒಪ್ಪಂದ ಮುರಿದುಬಿತ್ತು.

ಮಂತ್ರಿ ಯಾಕಾಗಲಿಲ್ಲ?

1989ರ ಒಪ್ಪಂದದಲ್ಲಿ ಹಸಿರು ಶಾಸಕರಿಗೆ ಸಂಪುಟ ಸ್ಥಾನವಿರಲಿಲ್ಲ, ಹೊರಗಿನಿಂದ ಬೆಂಬಲ ಅಷ್ಟೇ. ಹೊರಗಿನ ಬೆಂಬಲದ ಕಷ್ಟ ನಮಗೂ ಗೊತ್ತು. ತಪ್ಪುಗಳಿಗೆ ಪಾಲುದಾರ, ತೀರ್ಮಾನಗಳಿಗೆ ಅಲ್ಲ. 1992ರ ಚುನಾವಣೆಯಲ್ಲಿ ಲೇಬರ್ ನೆಲಕಚ್ಚಿತು, ಗ್ರೀನ್ಸ್ ಐದು ಸ್ಥಾನ ಉಳಿಸಿಕೊಂಡಿತು. ಆದರೆ ಎರಡೂ ದೊಡ್ಡ ಪಕ್ಷಗಳು ಸೇಡು ಮರೆಯಲಿಲ್ಲ. 1998ರಲ್ಲಿ ಇಬ್ಬರೂ ಕೂಡಿ ವಿಧಾನಸಭೆಯನ್ನು 35ರಿಂದ 25 ಸ್ಥಾನಕ್ಕೆ ಇಳಿಸಿದರು. ಗೆಲ್ಲಲು ಬೇಕಾದ ಮತಪ್ರಮಾಣ ಏರಿತು, ಹಸಿರು ಶಾಸಕರು ನಾಲ್ಕರಿಂದ ಒಂದಕ್ಕೆ ಇಳಿದರು. ಖರ್ಚು ಉಳಿಸಲು ಎಂದು ಹೇಳಿಕೊಂಡರು. 35 ಮತ್ತೆ ಬಂದದ್ದು 2024ರ ಚುನಾವಣೆಯಲ್ಲಿ.

ಸೆನೆಟ್‌ನಲ್ಲಿ?

1993ರಲ್ಲಿ ವಿಧಾನಸಭೆ ಬಿಟ್ಟು ಕೇಂದ್ರದ ಕೆಳಮನೆಗೆ ನಿಂತು ಸೋತರು. 1996ರಲ್ಲಿ ಸೆನೆಟ್‌ಗೆ ಆಯ್ಕೆ. ಜಗತ್ತಿಗೆ ಮುಖ ಗೊತ್ತಾದದ್ದು 2003ರ ಅಕ್ಟೋಬರ್‌ನಲ್ಲಿ. ಅಮೆರಿಕ ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನಲ್ಲಿ ಮಾತನಾಡುವಾಗ ಎದ್ದು ನಿಂತು ಅಡ್ಡ ಮಾತು ಹಾಕಿದರು. ವಾಕ್ ಸ್ವಾತಂತ್ರ್ಯ ಅಂದರೆ ನನಗಿಷ್ಟ ಎಂದು ಬುಷ್ ನಕ್ಕು ಮುಂದುವರಿದರು. ಬ್ರೌನ್‌ಗೆ 24 ಗಂಟೆ ಅಮಾನತು. ಹಾಗಾಗಿ ಮರುದಿನ ಚೀನಾ ಅಧ್ಯಕ್ಷ ಹು ಜಿಂಟಾವೊ ಮಾತನಾಡುವಾಗ ಅವರು ಒಳಗಿರಲಿಲ್ಲ.

ಕಾರ್ಬನ್ ಬೆಲೆಯ ವಿಷಯದಲ್ಲಿ ಅವರನ್ನು ಈಗಲೂ ಬೈಯುವುದೇಕೆ?

2009ರಲ್ಲಿ ಪ್ರಧಾನಿ ಕೆವಿನ್ ರಡ್ ತಂದ ಇಂಗಾಲ ಕಡಿತ ಯೋಜನೆಯನ್ನು ಗ್ರೀನ್ಸ್ ವಿರೋಧಿಸಿತು. ಗುರಿ ತೀರಾ ಕಡಿಮೆ, ಮಾಲಿನ್ಯ ಮಾಡುವವರಿಗೇ ಪರಿಹಾರ ಜಾಸ್ತಿ ಎಂಬುದು ವಾದ. ಡಿಸೆಂಬರ್‌ನಲ್ಲಿ ಇಬ್ಬರು ಲಿಬರಲ್ ಸೆನೆಟರ್‌ಗಳು ಸರ್ಕಾರದ ಕಡೆ ಬಂದಿದ್ದರು. ಆ ದಿನ ಐವರು ಹಸಿರು ಸದಸ್ಯರೂ ಬಂದಿದ್ದರೆ ಮಸೂದೆ ಪಾಸಾಗುತ್ತಿತ್ತು. ಲೇಬರ್ ಪಕ್ಷದವರು ಇದನ್ನು ಈಗಲೂ ಎತ್ತುತ್ತಾರೆ.

ಬ್ರೌನ್ ಕಡೆಯವರ ಉತ್ತರ: 2010ರಲ್ಲಿ ಒಂಬತ್ತು ಸೆನೆಟರ್‌ಗಳಾದೆವು, ಜೂಲಿಯಾ ಗಿಲಾರ್ಡ್ ಸರ್ಕಾರಕ್ಕೆ ಬೆಂಬಲ ಕೊಟ್ಟು ಇನ್ನೂ ಗಟ್ಟಿ ಕಾನೂನು ತಂದೆವು. ಅದೂ ನಿಜ. 2012ರ ಜುಲೈ 1ರಿಂದ, ದೊಡ್ಡ ಮಾಲಿನ್ಯಕಾರರು ಹೊರಬಿಡುವ ಇಂಗಾಲಕ್ಕೆ ಟನ್‌ಗೆ 23 ಡಾಲರ್ ಬೆಲೆ ಜಾರಿಯಾಯಿತು. 2014ರಲ್ಲಿ ಟೋನಿ ಅಬಾಟ್ ಸರ್ಕಾರ ಅದನ್ನು ರದ್ದು ಮಾಡಿತು. ಜೊತೆಯಲ್ಲೇ ಹುಟ್ಟಿದ, ಶುದ್ಧ ಇಂಧನ ಯೋಜನೆಗಳಿಗೆ ಹಣ ಒದಗಿಸುವ ಸರ್ಕಾರಿ ಸಂಸ್ಥೆ ಕ್ಲೀನ್ ಎನರ್ಜಿ ಫೈನಾನ್ಸ್ ಕಾರ್ಪೊರೇಷನ್ ಮಾತ್ರ ಉಳಿಯಿತು. ನನಗೆ 2009ರ ತೀರ್ಮಾನ ತಪ್ಪೆಂದೇ ಅನ್ನಿಸುತ್ತದೆ. ದುರ್ಬಲ ಕಾನೂನನ್ನು ಆಮೇಲೆ ಬಲಪಡಿಸಬಹುದಿತ್ತು. ಆದರೆ ರಡ್ ಯೋಜನೆಯನ್ನು ಅಬಾಟ್ ಉಳಿಸುತ್ತಿದ್ದರು ಅನ್ನಲು ಯಾವ ಭರವಸೆಯೂ ಇಲ್ಲ.

ದಿವಾಳಿಯಾಗಿ ಸ್ಥಾನ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರಂತೆ?

ವಿಲಾಂಗ್ಟಾ ಕಾಡಿನ ಕಡಿತದಿಂದ ಅಪರೂಪದ ಜೀವಿಗಳಿಗೆ ಅಪಾಯ ಎಂದು ಸರ್ಕಾರಿ ಅರಣ್ಯ ಸಂಸ್ಥೆಯ ಮೇಲೆ ಸ್ವಂತ ಹೆಸರಿನಲ್ಲಿ ಕೇಸು ಹಾಕಿ 2006ರಲ್ಲಿ ಗೆದ್ದರು, 2007ರ ಮೇಲ್ಮನವಿಯಲ್ಲಿ ಸೋತರು. 2009ರಲ್ಲಿ ಎದುರಾಳಿಯ ವಕೀಲರ ಖರ್ಚು ಸುಮಾರು 2.4 ಲಕ್ಷ ಡಾಲರ್ ಕಟ್ಟಬೇಕಾಗಿ ಬಂತು. ದಿವಾಳಿಯಾದವರು ನಮ್ಮಲ್ಲಿ ಹೇಗೋ ಹಾಗೆಯೇ ಅಲ್ಲೂ ಸಂಸತ್ತಿನಲ್ಲಿ ಕೂರುವ ಹಾಗಿಲ್ಲ. ಸುದ್ದಿ ಹೊರಬಿದ್ದ ಮೇಲೆ ಬೆಂಬಲಿಗರ ದೇಣಿಗೆ ಹರಿದು ಬಂತು, ಸ್ಥಾನ ಉಳಿಯಿತು.

ಖಾಸಗಿ ಬದುಕು?

1970ರ ದಶಕದಲ್ಲೇ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದವರು. ಆಗ ಟ್ಯಾಸ್ಮೇನಿಯಾದಲ್ಲಿ ಅದು ಜೈಲುಶಿಕ್ಷೆಯ ಅಪರಾಧ. ಸಂಗಾತಿ ಪಾಲ್ ಥಾಮಸ್, ಕೃಷಿಕ ಹಿನ್ನೆಲೆಯವರು. 1990ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯ ಹಣವನ್ನು ಲಿಫಿಯ ಕಾಡಿನ ತುಂಡು ಕೊಳ್ಳಲು ಹಾಕಿದರು. ಖಾಸಗಿ ಜಮೀನು ಕೊಂಡು ಕಾಡಾಗಿಯೇ ಉಳಿಸುವ ಬುಷ್ ಹೆರಿಟೇಜ್ ಸಂಸ್ಥೆ ಹುಟ್ಟಿದ್ದು ಹಾಗೆ. 2011ರಲ್ಲಿ ಲಿಫಿಯ ಮನೆಯನ್ನೂ ಅದಕ್ಕೇ ಬಿಟ್ಟುಕೊಟ್ಟರು.

ಭಾರತಕ್ಕೂ ಇವರಿಗೂ ಏನಾದರೂ ಸಂಬಂಧ?

ಇದೆ, ಅದಾನಿ ಮೂಲಕ. ಕ್ವೀನ್ಸ್‌ಲ್ಯಾಂಡ್‌ನ ಕಾರ್ಮೈಕಲ್ ಕಲ್ಲಿದ್ದಲು ಗಣಿಯ ವಿರುದ್ಧ 2019ರ ಚುನಾವಣೆಗೆ ಮುಂಚೆ ಬ್ರೌನ್ ಟ್ಯಾಸ್ಮೇನಿಯಾದಿಂದ ಗಣಿ ಪ್ರದೇಶದವರೆಗೆ ಕಾರುಗಳ ಜಾಥಾ ನಡೆಸಿದರು. ಗಣಿ ಕೆಲಸವನ್ನೇ ನಂಬಿದ ಊರುಗಳಲ್ಲಿ, ದಕ್ಷಿಣದವರು ನಮಗೆ ಬುದ್ಧಿ ಹೇಳಲು ಬಂದರು ಎಂಬ ಸಿಟ್ಟು ಎದ್ದಿತು. ಆ ರಾಜ್ಯದಲ್ಲಿ ಲೇಬರ್ ಸೊರಗಿತು, ಹಲವರು ಜಾಥಾವನ್ನೇ ದೂರಿದರು. ಬ್ರೌನ್ ಒಪ್ಪಲಿಲ್ಲ. 2021ರ ಕೊನೆಗೆ ಅಲ್ಲಿಂದ ಕಲ್ಲಿದ್ದಲು ಸಾಗಣೆ ಶುರುವಾಯಿತು. 1983ರಲ್ಲಿ ದೇಶದ ನಗರಗಳ ಮತ ಒಟ್ಟುಮಾಡಿ ಒಂದು ರಾಜ್ಯದ ಇಚ್ಛೆಯನ್ನು ಮೀರಿದ್ದ ತಂತ್ರ ಈ ಸಲ ತಿರುಗುಬಾಣವಾಯಿತು ಎಂದು ನಾನು ಓದಿಕೊಳ್ಳುತ್ತೇನೆ.

ನಿವೃತ್ತಿಯ ನಂತರ?

2012ರ ಜೂನ್‌ನಲ್ಲಿ ಸೆನೆಟ್ ಬಿಟ್ಟರು, ಪಕ್ಷದ ನಾಯಕತ್ವ ಮಿಲ್ನ್ ಅವರಿಗೆ ಹೋಯಿತು. ಅದೇ ವರ್ಷ ಬಾಬ್ ಬ್ರೌನ್ ಫೌಂಡೇಷನ್ ಶುರು. 2014ರಲ್ಲಿ ಟ್ಯಾಸ್ಮೇನಿಯಾ ಸರ್ಕಾರ ಕೆಲಸದ ಜಾಗಗಳಲ್ಲಿ ಪ್ರತಿಭಟಿಸುವವರನ್ನು ತಡೆಯುವ ಕಾನೂನು ತಂದಿತು. 2016ರ ಜನವರಿಯಲ್ಲಿ ಲಪೋಯ್ನಿಯಾ ಕಾಡಿನಲ್ಲಿ ಬ್ರೌನ್ ಅದರ ಕೆಳಗೆ ಬಂಧಿತರಾದರು. ಆಗ ವಯಸ್ಸು 71. ಕೇಸು ಕೈಬಿಟ್ಟರೂ ಅವರು ಬಿಡಲಿಲ್ಲ, ಕಾನೂನನ್ನೇ ಪ್ರಶ್ನಿಸಿ ಹೈಕೋರ್ಟ್‌ಗೆ ಹೋದರು. ರಾಜಕೀಯ ಅಭಿವ್ಯಕ್ತಿಗೆ ಸಂವಿಧಾನದಲ್ಲಿರುವ ರಕ್ಷಣೆಗೆ ವಿರುದ್ಧವೆಂದು 2017ರ ಅಕ್ಟೋಬರ್‌ನಲ್ಲಿ ಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ರಾಜ್ಯ ಸರ್ಕಾರ ಬೇರೆ ರೂಪದಲ್ಲಿ ಅಂಥದೇ ಕಾನೂನಿಗೆ ಮತ್ತೆ ಕೈಹಾಕಿದೆ, ಬ್ರೌನ್ ಮತ್ತೆ ಬಂಧನಕ್ಕೂ ಒಳಗಾಗಿದ್ದಾರೆ.